ಕೈಗುಣವೂ ಪ್ರೊಸೆಸರೂ

ಅಕ್ಷರವನ್ನು ಕರುಣಿಸಿದ ತಾಯಿಗೆ ಮೊದಲ ನಮಸ್ಕಾರ. ಆ ಅಕ್ಷರವನ್ನು ನನ್ನ ನಾಲಗೆಗೆ ಹತ್ತಿಸಿದ ಗುರುಗಳಿಗೆ ಎರಡನೆಯದು. ತರ್ಕಶಾಸ್ತ್ರವನ್ನು ನಾನು ಬಾಯಿಪಾಠವಾಗಿ ಮಾತ್ರ ಕಲಿತಿದ್ದೆನೆಂದು ಈ ಇಳಿವಯಸ್ಸಿನಲ್ಲಿ ತೋರಿಸಿಕೊಟ್ಟವರು ಇಬ್ಬರು: ಮೂಡಿಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ಗೃಹಸ್ಥರು, ನಮ್ಮ ಗ್ರಂಥಶಾಲೆಯಲ್ಲಿ ಕೆಲಸಕ್ಕಿರುವ ಒಬ್ಬ ಹೆಣ್ಣುಮಗಳು. ವಯಸ್ಸಿನಲ್ಲಿ ಅವರು ನನಗಿಂತ ಎಷ್ಟೋ ಕಿರಿಯರಾದರೂ ಅವರಿಗೂ ಅದೇ ನಮಸ್ಕಾರ ಸಲ್ಲಬೇಕು. ಆಡಿದ ತಪ್ಪು ಮಾತನ್ನು ಹಿಂತೆಗೆದುಕೊಳ್ಳಲು ನನಗೆ ಕಾಲಾವಕಾಶ ಕೊಟ್ಟ ಭಗವಂತನಿಗೆ ಎಷ್ಟು ಕೃತಜ್ಞನಾದರೂ ಸಾಲದು. ಎಷ್ಟೋ ಮಾತುಗಳಿಗೆ ಆ ಅವಕಾಶ ಸಿಗುವುದಿಲ್ಲ.

ಗ್ರಂಥಶಾಲೆ ಎಂದರೆ ದೊಡ್ಡದೇನಲ್ಲ. ಮೂಡಿಗೆರೆಯ ಬಸ್ ನಿಲ್ದಾಣದಿಂದ ತುಸು ದೂರದಲ್ಲಿ, ಕಾಫಿ ವ್ಯಾಪಾರಿಯೊಬ್ಬರ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆ. ಸುತ್ತಲಿನ ಮನೆಗಳ ಅಟ್ಟಗಳಲ್ಲಿ ಹುಳುವಿನ ಪಾಲಾಗುತ್ತಿದ್ದ ಕೈಬರಹದ ಪುಸ್ತಕಗಳನ್ನು ನಾವು ನಾಲ್ಕೈದು ಮಂದಿ ಸೇರಿ ಅಲ್ಲಿ ಕೂಡಿಸಿದ್ದೇವೆ. ದನಗಳ ಮದ್ದು, ಹಸೆಗೆ ಕರೆಯುವ ಹಾಡು, ಯಾವ ದಿನ ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ಎಷ್ಟು ಸೆಂಟ್ಸ್ ಮಳೆ ಬಿತ್ತೆಂಬ ಟಿಪ್ಪಣಿ, ಯಾವುದೋ ಅಜ್ಜಿ ಬರೆದಿಟ್ಟ ವ್ರತದ ಕಥೆ, ಇಂಥವು. ಮನೆಯವರಿಂದ ಪುಸ್ತಕವನ್ನು ಕಡ ತಂದು, ಪುಟ ಪುಟವನ್ನೂ ಫೋಟೋ ತೆಗೆದು, ಕಲೆಗಳನ್ನು ನಿವಾರಿಸಿ, ಮೂಲವನ್ನು ಗೌರವದಿಂದ ಹಿಂದಿರುಗಿಸುವುದು ನಮ್ಮ ಕೆಲಸ. ಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದ ನಾನು ಪ್ರತಿಯೊಂದಕ್ಕೂ ಚಿಕ್ಕ ಮುನ್ನುಡಿ ಬರೆಯುತ್ತೇನೆ. ಜಾವಳಿಯಿಂದ ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಮರಳುತ್ತೇನೆ. ಒಂದು ಕಾಫಿ ಎಸ್ಟೇಟಿನ ಸಾಹುಕಾರರು ನಮ್ಮ ಕಾರ್ಯದರ್ಶಿಗಳು. ಮಾತು ಗಡಸು, ಮನಸ್ಸು ಒಳ್ಳೆಯದು. ಕಂಪ್ಯೂಟರನ್ನು ತಂದುಕೊಟ್ಟವರೂ ಅವರೇ.

ಕಂಪ್ಯೂಟರ್ ಬಂದ ದಿನ ಅದಕ್ಕೆ ಗಂಧ, ಕುಂಕುಮ ಹಚ್ಚಿ, ಹೂವಿಟ್ಟು, ಸ್ವಿಚ್ ಒತ್ತಲು ನನ್ನನ್ನೇ ಕರೆದರು. ಇದಕ್ಕೆ ಕಾರಣವಿದೆ. ನಮ್ಮ ಕಡೆ ಕೈಗುಣ ಎಂಬ ಮಾತು ಹಗುರವಾದದ್ದಲ್ಲ. ಮದ್ದು ಕೊಡುವವರಿಗೆ ಕೈಗುಣ ಬೇಕು. ಹಾಲಿಗೆ ಹೆಪ್ಪು ಹಾಕುವವರಿಗೂ ಬೇಕು. ಪುಷ್ಯಮಾಸದ ಆಚೀಚೆಗೆ ಕಾಫಿ ಬೀಜವನ್ನು ನರ್ಸರಿಯ ಪಾತಿಗೆ ಹಾಕುವಾಗ ಮೊದಲ ಹಿಡಿ ಯಾರ ಕೈಯದಾಗಬೇಕೆಂದು ಮನೆಯವರು ಯೋಚಿಸಿ ನಿರ್ಧರಿಸುತ್ತಾರೆ. ಯಾವ ಪುಣ್ಯದಿಂದಲೋ ನನ್ನ ಕೈಗೆ ಒಳ್ಳೆಯ ಹೆಸರು ಬಂದಿತ್ತು. ನಾನು ಹಾಕಿದ ಬೀಜ ಹುಸಿಯಾಗುವುದಿಲ್ಲವೆಂದು ನಾಲ್ಕಾರು ಮನೆಗಳವರು ನನ್ನನ್ನು ಕರೆದೊಯ್ಯುತ್ತಿದ್ದರು. ಬಾಯಲ್ಲಿ ಬೇಡವೆನ್ನುತ್ತಿದ್ದೆ, ಒಳಗೆ ಹಿತವಾಗುತ್ತಿತ್ತು.

ಎರಡು ವರ್ಷ ಆ ಯಂತ್ರ ಒಮ್ಮೆಯೂ ತಕರಾರು ಮಾಡಲಿಲ್ಲ. ಆ ಬಳಿಕ, ದೀಪಾವಳಿ ಕಳೆದ ಮೇಲೆ, ಹಾಗೇ ಕೂಡಿಬಿದ್ದಿದ್ದ ಫೋಟೋಗಳ ಕಲೆ ತೆಗೆಯಲೆಂದು ಈ ಹೆಣ್ಣುಮಗಳು ಕೆಲಸಕ್ಕೆ ಬಂದಳು. ಮೂವತ್ತರ ಆಸುಪಾಸು. ತಾಯಿ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯುವವರು. ಈಕೆ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಏಳು ವರ್ಷ ಬೀಜ ಆರಿಸುವ ಸಾಲಿನಲ್ಲಿ ಕುಳಿತು, ಆ ನಡುವೆಯೇ ಅಂಚೆಯ ಮೂಲಕ ಓದಿ ಪದವಿ ಪಡೆದು, ಕಂಪ್ಯೂಟರ್ ಕಲಿತವಳು. ಕಪ್ಪು ಬೀಜ, ಒಡಕು ಬೀಜ ಕಣ್ಣಿಗೆ ಬಿದ್ದೊಡನೆ ಬೇರ್ಪಡಿಸಿ ಅಭ್ಯಾಸವಾಗಿದ್ದ ಆ ದೃಷ್ಟಿಗೆ ಹಳೆಯ ಪುಟದಲ್ಲಿ ಎಲ್ಲಿ ಕಲೆ, ಎಲ್ಲಿ ಅಕ್ಷರ ಎಂಬುದು ನನಗಿಂತ ಬೇಗ ತಿಳಿಯುತ್ತಿತ್ತು. ಮೂರು ತಿಂಗಳು ನೋಡಿ ಕಾಯಂ ಮಾಡುವುದೆಂದು ಮಾತಾಗಿತ್ತು.

ಬಂದ ಹತ್ತನೆಯ ದಿನ ಯಂತ್ರ ಇದ್ದಕ್ಕಿದ್ದಂತೆ ನಿಂತಿತು. ಪರದೆ ಒಮ್ಮೆ ನೀಲಿಯಾಗಿ, ಇಂಗ್ಲಿಷಿನಲ್ಲಿ ಏನೋ ಹೇಳಿ, ಕತ್ತಲಾಯಿತು. ಬೆಳಗಿನಿಂದ ಮಾಡಿದ ಕೆಲಸ ಹೋಯಿತು. ಆಕೆ ಗಾಬರಿಯಿಂದ ಎದ್ದು ನಿಂತಳು.

"ನಾನು ಎಂತ ಮಾಡಿದ್ದೂ ಅಲ್ಲ ಮೇಷ್ಟ್ರೇ. ಬಟನ್ ಒತ್ತಿದ್ದು, ಅಷ್ಟೇ."

ನಾನು ಎದ್ದು ಹೋಗಿ ಸ್ವಿಚ್ ಒತ್ತಿದೆ. ಯಂತ್ರ ವಿನಯದಿಂದ ಎದ್ದಿತು. ಆಕೆಯನ್ನು ಸಮಾಧಾನಪಡಿಸುವ ಉದ್ದೇಶದಿಂದಲೇ, ನಗುತ್ತ, ನಾನು ಹೇಳಿದೆ: "ಕೆಲವರ ಕೈಗುಣ ಹಾಗಿರ್ತದಮ್ಮಾ, ಬೇಜಾರು ಮಾಡ್ಕೋಬೇಡ."

ಬಾಗಿಲಲ್ಲಿ ಕಾರ್ಯದರ್ಶಿಗಳು ನಿಂತಿದ್ದರು. ಅವರು ಕೇಳಿಸಿಕೊಂಡರು.

ಹಾಸ್ಯಕ್ಕೆಂದು ಆಡಿದ ಮಾತನ್ನು ಜನ ಹಾಸ್ಯವಾಗಿಯೇ ಇಟ್ಟುಕೊಳ್ಳುತ್ತಾರೆಂಬ ಭರವಸೆ ಏನು? ವಾರದಲ್ಲಿ ಯಂತ್ರ ಮತ್ತೆ ಮೂರು ಸಲ ನಿಂತಿತು; ಮೂರು ಸಲವೂ ಆಕೆ ಕುಳಿತಾಗಲೇ. ನಾನು ಮುನ್ನುಡಿ ಟೈಪ್ ಮಾಡುವಾಗ ನಿಲ್ಲಲಿಲ್ಲ. ಕಾರ್ಯದರ್ಶಿಗಳು ತಮಗೆ ಬಂದ ಪತ್ರಗಳನ್ನು ನೋಡುವಾಗಲೂ ನಿಲ್ಲಲಿಲ್ಲ.

"ನಿಮ್ ಕೈಯಲ್ಲಿ ಸಾಯಲ್ಲ, ನನ್ ಕೈಯಲ್ಲಿ ಸಾಯಲ್ಲ, ಆ ಹುಡುಗಿ ಕೂತ್ರೆ ಮಾತ್ರ ಸಾಯ್ತದೆ. ಇದಕ್ಕಿಂತ ಎಂತ ಸಾಕ್ಷಿ ಬೇಕು ಮಾರಾಯ್ರೇ?" ಎಂದರು ಕಾರ್ಯದರ್ಶಿಗಳು. "ನೀವೇ ಹೇಳಿದ್ರಲ್ಲ ಮೊದಲು."

ಹೌದು, ನಾನೇ ಹೇಳಿದ್ದೆ.

ರಿಪೇರಿಯವರನ್ನು ಕರೆಸಿದೆವು. ಅವರ ತಂದೆ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿ ಆಳುಗಳನ್ನು ನೋಡಿಕೊಳ್ಳುತ್ತಿದ್ದವರು. ಮಗ ಯಂತ್ರಗಳನ್ನು ನೋಡಿಕೊಳ್ಳುತ್ತಾರೆ. ಒಂದು ದಿನ ತಡವಾಗಿಯೇ ಬಂದರು. ಯಾವುದೋ ತೋಟದಲ್ಲಿ ಕ್ಯಾಮೆರಾ ಸರಿಮಾಡಲು ಹೋದವರು, ರಸ್ತೆಗೆ ಆನೆ ಇಳಿದು ಅಲ್ಲೇ ಉಳಿಯಬೇಕಾಯಿತಂತೆ. ಬಂದವರೇ ಯಂತ್ರದ ಪಕ್ಕದ ತಗಡನ್ನು ಬಿಚ್ಚಿ ಧೂಳು ಊದಿದರು. ಮೆಮೊರಿ ಪಟ್ಟಿಗಳನ್ನು ಹೊರತೆಗೆದು, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅವುಗಳ ಹೊಂಬಣ್ಣದ ಅಂಚನ್ನು ಉಜ್ಜಿದರು. ಪ್ರೊಸೆಸರಿನ ಮೇಲೆ ಕುಳಿತ ಫ್ಯಾನನ್ನು ತೆಗೆದು, ಒಣಗಿದ ಹಳೆಯ ಪೇಸ್ಟನ್ನು ಒರೆಸಿ, ಗಂಧದ ಬೊಟ್ಟಿನಷ್ಟು ಹೊಸದನ್ನು ಇಟ್ಟರು. ಪ್ರೊಸೆಸರ್ ಎಂದರೆ ಯಂತ್ರದೊಳಗೆ ಎಲ್ಲ ಲೆಕ್ಕಾಚಾರ ನಡೆಯುವ ಸ್ಥಳ ಎಂದು ನನಗೆ ವಿವರಿಸಿದವರೂ ಅವರೇ. ಬೆಂಕಿಪೊಟ್ಟಣದಷ್ಟೂ ದಪ್ಪವಿಲ್ಲದ ಚೌಕ ಬಿಲ್ಲೆ ಅದು.

"ಅದೇ ಕೆಟ್ಟಿರಬಹುದಾ?" ಎಂದೆ.

"ಅದು ಕೆಡೋದು ಅಪರೂಪ ಮೇಷ್ಟ್ರೇ. ಅದನ್ನ ಕೊನೆಗೆ ಅನುಮಾನಿಸ್ಬೇಕು. ಮೊದಲು ಕರೆಂಟು, ಆಮೇಲೆ ಬಿಸಿ, ಆಮೇಲೆ ಮೆಮೊರಿ. ಇದೆಲ್ಲ ಅಲ್ಲ ಅಂತ ಆದ್ಮೇಲೆ ಅದರ ಹೆಸರು ಎತ್ಬೇಕು."

ಒಂದು ಬಿಲ್ಲೆಯ ಹೆಸರನ್ನು ಎತ್ತಲು ಅವರು ಇಷ್ಟು ಹಿಂಜರಿದರು. ನಾವು ಒಬ್ಬ ಹೆಣ್ಣುಮಗಳ ಹೆಸರನ್ನು ಮೊದಲ ದಿನವೇ ಎತ್ತಿದ್ದೆವು. ಆಗ ಅದು ನನಗೆ ಹೊಳೆಯಲಿಲ್ಲ.

ಯಂತ್ರ ಒಂದೂವರೆ ದಿನ ಚೆನ್ನಾಗಿ ನಡೆದು, ಆಕೆಯ ಕೈಯಲ್ಲಿ ಮತ್ತೆ ನಿಂತಿತು. ಈ ಸಲ ಕಾರ್ಯದರ್ಶಿಗಳು ಆಕೆಯ ಎದುರಿಗೇ ಹೇಳಿಬಿಟ್ಟರು. "ಮುಂದಿನ ಸೋಮವಾರ ಮೀಟಿಂಗು. ಬೇರೆ ಯಾರನ್ನಾದ್ರೂ ನೋಡೋಣ. ನಿನ್ನ ತಪ್ಪು ಅಂತ ಅಲ್ಲ ಮಾರಾಯ್ತಿ. ಕೂಡಿ ಬರ್ಲಿಲ್ಲ, ಅಷ್ಟೇ." ಹಣ್ಣು ಕುಯ್ಯುವ ಕಾಲವಾದ್ದರಿಂದ ಅವರಿಗೆ ತೋಟದ ಅವಸರ. ಜೀಪು ಹತ್ತಿ ಹೋದರು.

ಮರುದಿನ ನಾನು ಸ್ವಲ್ಪ ಬೇಗ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಆಕೆ ಯಂತ್ರದ ಮುಂದೆ ನಿಂತು, ಸೀಸದಕಡ್ಡಿಯ ಹಿಂತುದಿಯಿಂದ ಸ್ವಿಚ್ಚನ್ನು ಒತ್ತುತ್ತಿದ್ದಳು. ಇನ್ನೊಂದು ಕೈಯನ್ನು ಸೆರಗಿನಲ್ಲಿ ಸುತ್ತಿ ಬೆನ್ನಿನ ಹಿಂದೆ ಇಟ್ಟುಕೊಂಡಿದ್ದಳು.

"ಇದೇನಮ್ಮಾ?"

ಬೆಚ್ಚಿ ತಿರುಗಿದಳು. ಮೊದಲು ಏನೂ ಇಲ್ಲವೆಂದಳು. ನಾನು ಕುರ್ಚಿ ಎಳೆದುಕೊಂಡು ಕುಳಿತು ಕಾದೆ.

"ಕೈ ತಾಗದಿದ್ರೆ ಸರಿ ಹೋಗ್ತದಾ ಅಂತ ನೋಡ್ತಿದ್ದೆ ಮೇಷ್ಟ್ರೇ." ಕಿಟಕಿಯ ಕಡೆ ನೋಡುತ್ತ ಹೇಳಿದಳು. "ನಿನ್ನೆ ನಮ್ಮನೇಲಿ ಪಾತಿಗೆ ಕಾಫಿ ಬೀಜ ಹಾಕಿದ್ರು. ನಮ್ಮ ಅತ್ತಿಗೆ ಹೇಳಿದ್ರು, ನೀನು ಈ ಸಲ ಕೈ ಹಾಕ್ಬೇಡ, ದೂರ ನಿಂತು ನೀರು ತಂದ್ಕೊಡು ಅಂತ. ಅವರಿಗೂ ಬೇಜಾರೇ. ಇಲ್ಲಿಂದ ಸುದ್ದಿ ಹೋಗಿದೆ."

"ಕ್ಯೂರಿಂಗ್ ವರ್ಕ್ಸಿಗೆ ಮತ್ತೆ ಹೋಗ್ತೀಯಾ?"

"ಅಲ್ಲಿ ಆದ್ರೂ ಆರಿಸಿದ ಬೀಜ ನನ್ ಕೈಯಲ್ಲಿ ಸಾಯ್ತದೆ ಅಂತ ಯಾರೂ ಹೇಳಲ್ಲ." ಆಮೇಲೆ ಮೆಲ್ಲಗೆ ಸೇರಿಸಿದಳು. "ಹೇಳ್ತಿರ್ಲಿಲ್ಲ. ಇನ್ನು ಗೊತ್ತಿಲ್ಲ."

ಆ ಹೊತ್ತು ನನಗಾದ ಸಂಕಟವನ್ನು ವರ್ಣಿಸುವ ಅಗತ್ಯವಿಲ್ಲ. ಅವಳು ಕಳೆದುಕೊಳ್ಳಲಿದ್ದದ್ದು ಒಂದು ಕೆಲಸ ಮಾತ್ರವಾಗಿರಲಿಲ್ಲ. ನಮ್ಮ ಗುಡ್ಡಗಳಲ್ಲಿ ಕೈ ಕೆಟ್ಟದ್ದೆಂಬ ಹೆಸರು ಬಂದವರು ಬೀಜ ಹಾಕುವಲ್ಲಿ, ಹೆಪ್ಪು ಹಾಕುವಲ್ಲಿ, ಬಾಣಂತಿಗೆ ಮದ್ದು ಅರೆಯುವಲ್ಲಿ, ಎಲ್ಲೆಲ್ಲೂ ಒಂದು ಹೆಜ್ಜೆ ಹಿಂದೆ ನಿಲ್ಲಬೇಕಾಗುತ್ತದೆ, ಅದು ಆಯುಷ್ಯವಿಡೀ. ಆ ಹೆಸರಿಟ್ಟವನು ನಾನು. ಬಸ್ ನಿಲ್ದಾಣದ ಕಡೆ ನಡೆದು, ರಿಪೇರಿಯವರ ಅಂಗಡಿಗೆ ಹೋಗಿ, ಸೋಮವಾರಕ್ಕೆ ಮುಂಚೆ ಈ ಯಂತ್ರದ ರೋಗ ಏನೆಂದು ತಿಳಿಯಲೇಬೇಕು ಎಂದೆ. ಅವರು ನನ್ನ ಮುಖ ನೋಡಿ, ಕೈಲಿದ್ದ ಕೆಲಸ ಬಿಟ್ಟು ಎದ್ದರು.

ಗ್ರಂಥಶಾಲೆಯ ಮೆಟ್ಟಿಲು ಹತ್ತಿ ಬಂದು ಅವರು ಯಂತ್ರವನ್ನು ಬಿಚ್ಚಲಿಲ್ಲ. ಸ್ಟೂಲಿನ ಮೇಲೆ ಕುಳಿತು ನಡೆದದ್ದನ್ನೆಲ್ಲ ಮೊದಲಿಂದ ಹೇಳಿ ಎಂದರು. ಹೇಳಿದೆ. ಕೈಗುಣದ ಸಂಗತಿಯನ್ನೂ ಮರೆಮಾಚದೆ ಹೇಳಿದೆ.

"ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ನೀವು ಇದರ ಮುಂದೆ ಕೂತು ಎಂತ ಮಾಡ್ತೀರಿ?"

"ಮುನ್ನುಡಿ ಟೈಪ್ ಮಾಡ್ತೇನೆ."

"ದಿನಕ್ಕೆ ಎಷ್ಟು?"

"ಅರ್ಧ ಪುಟ. ಮನಸ್ಸು ನಿಂತರೆ ಒಂದು."

"ಸಾಹುಕಾರ್ರು?"

"ಬಂದ ಪತ್ರ ಓದ್ತಾರೆ."

ಅವರು ಜೋರಾಗಿ ನಕ್ಕರು. "ಹಂಗಾದ್ರೆ ನಿಮ್ಮಿಬ್ರ ಕೈಯಲ್ಲಿ ಇದು ಎಂತಕ್ಕೆ ಸಾಯ್ತದೆ ಹೇಳಿ! ನೀವು ಇದಕ್ಕೆ ಕೆಲಸವನ್ನೇ ಕೊಡಲ್ಲ. ಜಗಲಿ ಮೇಲೆ ಕೂರ್ಸಿ, ಕಾಫಿ ಕೊಟ್ಟು, ಮಾತಾಡ್ಸಿ ಕಳಿಸ್ತೀರಿ. ಇದನ್ನ ತೋಟಕ್ಕೆ ಇಳಿಸಿದ್ದು ಇವರೊಬ್ರೇ." ಆಕೆಯ ಕಡೆ ತಿರುಗಿ, "ನೀವು ಎಂತ ಮಾಡ್ತಿದ್ರಿ ಅದು ನಿಲ್ಲೋವಾಗ?" ಎಂದು ಕೇಳಿದರು.

"ನೂರು ಪುಟದ ಫೋಟೋ ಒಟ್ಟಿಗೆ ಕೊಟ್ಟು ಕಲೆ ತೆಗಿಯಕ್ಕೆ ಬಿಡ್ತೀನಿ ಅಣ್ಣ. ಅದು ಅರ್ಧ ಆಗೋವಾಗ ನಿಲ್ತದೆ."

"ಪ್ರತಿ ಸಲನೂ?"

"ಪ್ರತಿ ಸಲನೂ ಅದೇ ಕೆಲಸದಲ್ಲಿ. ಹೆಸರು ಬರೆಯೋವಾಗ, ಪಟ್ಟಿ ಮಾಡೋವಾಗ ಒಂದ್ಸಲನೂ ನಿಂತಿಲ್ಲ."

"ಇದನ್ನ ಯಾರಿಗೂ ಹೇಳ್ಲಿಲ್ವಾ?"

"ಯಾರೂ ಕೇಳ್ಲಿಲ್ಲ."

ನಾನು ತಲೆ ತಗ್ಗಿಸಿದೆ. ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೇ ಒಂದು ಪ್ರಶ್ನೆ ಬರುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆ ಉಂಟೇ? ಇಲ್ಲ. ಕಾಯಿಸಿದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆ ಸೇರಿದರೆ ಮಾತ್ರ ಹೊಗೆ. ಕಣ್ಣಿಗೆ ಬೀಳದೆ ನಡುವೆ ಕುಳಿತ ಆ ಹಸಿ ಸೌದೆಗೆ ಶಾಸ್ತ್ರದಲ್ಲಿ ಉಪಾಧಿ ಎಂದು ಹೆಸರು. ಅದನ್ನು ಗಮನಿಸದೆ ಮಾಡಿದ ಊಹೆ ಎಷ್ಟೇ ಅಂದವಾಗಿದ್ದರೂ ಹುಸಿ. ಆಷಾಢದಲ್ಲಿ ಹಸಿ ಸೌದೆಯ ಹೊಗೆಗೆ ಕಣ್ಣು ಒರೆಸಿಕೊಂಡು ಬೆಳೆದವನು ನಾನು. ಈ ಉದಾಹರಣೆಯನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೇನೆ. ಆಕೆಯ ಕೈ ಇದ್ದಲ್ಲಿ ಯಂತ್ರ ಕೆಡುತ್ತದೆ ಎಂದು ತೀರ್ಮಾನಿಸುವಾಗ, ಆ ಕೈಯ ಜೊತೆಗೇ ಇದ್ದ ನೂರು ಪುಟದ ಭಾರ ನನಗೆ ಕಾಣಲಿಲ್ಲ.

"ಪರೀಕ್ಷೆ ಮಾಡೋಣ," ಎಂದೆ. "ಕೈ ಬದಲಾಗಲಿ. ನನ್ನ ಕೆಲಸ ಅವಳು ಮಾಡಲಿ, ಅವಳ ಕೆಲಸ ನಾನು ಮಾಡ್ತೇನೆ. ಯಾವುದು ಇದ್ದರೆ ರೋಗ ಉಂಟು, ಯಾವುದು ಇಲ್ಲದಿದ್ದರೆ ರೋಗ ಇಲ್ಲ, ಎರಡೂ ತಿಳಿಯಬೇಕು."

"ನಾವೂ ಹಂಗೇ ಮಾಡೋದು," ಎಂದರು ರಿಪೇರಿಯವರು. "ನಿಮ್ ಪುಸ್ತಕದಲ್ಲೂ ಇದ್ಯಾ ಅದು?"

ಮೊದಲು ಆಕೆ ಕುಳಿತಳು. ಸೀಸದಕಡ್ಡಿ ಬೇಡವೆಂದೆ. ನಾನು ಹೇಳಿಬರೆಯಿಸಿದ ಮುನ್ನುಡಿಯನ್ನು ಆಕೆ ಒಂದು ಗಂಟೆ ಟೈಪ್ ಮಾಡಿದಳು. ಎರಡು ಕಡೆ ನನ್ನ ವಾಕ್ಯ ಉದ್ದವಾಯಿತೆಂದು ಹೇಳಿ ತುಂಡರಿಸಿದಳು ಕೂಡ. ಯಂತ್ರ ಸುಖವಾಗಿತ್ತು. ಬಳಿಕ ನಾನು ಕುಳಿತೆ. ಎಲ್ಲಿ ಒತ್ತಬೇಕೆಂದು ಆಕೆ ಪಕ್ಕದಲ್ಲಿ ನಿಂತು ಬೆರಳಿನಿಂದ ತೋರಿಸಿದಳೇ ಹೊರತು ಏನನ್ನೂ ಮುಟ್ಟಲಿಲ್ಲ. ಇಷ್ಟದೇವತೆಯನ್ನು ನೆನೆದು, ನೂರು ಪುಟಗಳನ್ನು ಯಂತ್ರಕ್ಕೆ ಒಪ್ಪಿಸಿದೆ. ಒಳಗೆ ಫ್ಯಾನಿನ ಸದ್ದು ಏರಿತು. ಮೂವರೂ ಪರದೆಯನ್ನೇ ನೋಡುತ್ತಿದ್ದೆವು. ಮೂವತ್ತು ಪುಟ. ನಲವತ್ತು. ಐವತ್ತೆರಡಕ್ಕೆ ಪರದೆ ನೀಲಿಯಾಯಿತು, ಆಮೇಲೆ ಕಪ್ಪಾಯಿತು.

ನಾಲ್ಕಾರು ಮನೆಗಳವರು ಕರೆದೊಯ್ಯುವ ನನ್ನ ಕೈ ಕೀಲಿಮಣೆಯ ಮೇಲೆ ಹಾಗೇ ಇತ್ತು.

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿರಬೇಕೆಂದು ತಿಳಿದೆ. ಅಳುತ್ತಿರಲಿಲ್ಲ.

"ಕೆಲವರ ಕೈಗುಣ ಹಂಗಿರ್ತದೆ ಮೇಷ್ಟ್ರೇ," ಎಂದಳು. "ಬೇಜಾರು ಮಾಡ್ಕೋಬೇಡಿ."

ರಿಪೇರಿಯವರು ಸ್ಟೂಲಿನಿಂದ ಬೀಳುವಷ್ಟು ನಕ್ಕರು. ನಾನೂ ನಕ್ಕೆ. ಆ ವರ್ಷದಲ್ಲಿ ಅಷ್ಟು ಹಗುರವಾಗಿ ನಕ್ಕದ್ದು ಅದೊಂದೇ ಸಲ.

ಕೈ ನಿರ್ದೋಷಿಯಾಯಿತು, ಆದರೆ ದೋಷ ಎಲ್ಲಿ? ಕಾರ್ಯದರ್ಶಿಗಳಿಗೆ ಅದನ್ನು ತೋರಿಸದೆ ಬಿಡುವಂತಿರಲಿಲ್ಲ. ರಿಪೇರಿಯವರು ಯಂತ್ರವನ್ನು ಎಬ್ಬಿಸಿ, ಅದು ತನ್ನೊಳಗೇ ಬರೆದಿಟ್ಟುಕೊಳ್ಳುವ ದಾಖಲೆಯನ್ನು ತೆರೆದರು. ನಿಂತ ಪ್ರತಿ ಸಲವೂ ಕಾರಣವನ್ನು ಅದು ಗುರುತು ಹಾಕಿಕೊಳ್ಳುತ್ತದಂತೆ.

"ಇದು ಎಸ್ಟೇಟಿನ ಚೆಕ್‌ರೋಲ್ ಇದ್ದಂಗೆ ಮೇಷ್ಟ್ರೇ. ಯಾರು ಬಂದ್ರು, ಯಾರು ಬರ್ಲಿಲ್ಲ, ಯಾರು ಮಧ್ಯದಲ್ಲಿ ಬಿದ್ರು, ಎಲ್ಲ ಬರೆದಿರ್ತದೆ. ಈ ಪ್ರೊಸೆಸರ್ ಒಳಗೆ ನಾಲ್ಕು ಜನ ಆಳು. ನೀವು ಟೈಪ್ ಮಾಡಿದ್ರೆ ಒಬ್ಬ ಎದ್ದು ಮಾಡಿ ಮುಗಿಸ್ತಾನೆ, ಉಳಿದೋರು ನೆರಳಲ್ಲಿ ಕೂತಿರ್ತಾರೆ. ನೂರು ಪುಟ ಕೊಟ್ರೆ ನಾಲ್ಕೂ ಜನ ಸಾಲು ಹಿಡಿದು ಇಳಿತಾರೆ. ಇಲ್ನೋಡಿ." ಪರದೆಯ ಮೇಲೆ ಬೆರಳನ್ನು ಒಂದೊಂದೇ ಸಾಲಿಗೆ ಇಳಿಸಿದರು. "ಈ ಸಲ ಬಿದ್ದವನು ಎರಡನೇ ನಂಬರು. ಅದಕ್ಕೆ ಮುಂಚೆ? ಎರಡು. ಅದಕ್ಕೂ ಮುಂಚೆ? ಎರಡು. ಎಲ್ಲಾ ಸಲವೂ ಇವನೇ. ಎಣಿಕೆ ಸೊನ್ನೆಯಿಂದ, ಹಂಗಾಗಿ ಇವನು ಮೂರನೆಯವನು."

"ಬೇರೆ ಬೇರೆ ನಂಬರು ಬಂದಿದ್ರೆ?" ಎಂದು ಕೇಳಿದವಳು ಆಕೆ.

ಅವರು ಆಕೆಯನ್ನು ಮೆಚ್ಚುಗೆಯಿಂದ ನೋಡಿದರು. "ಬೇರೆ ಬೇರೆ ಬಂದಿದ್ರೆ ಕರೆಂಟೋ, ಬೋರ್ಡೋ ಅನ್ನಬಹುದಿತ್ತು. ಊಟ ಕೆಟ್ಟಿದ್ರೆ ಎಲ್ರಿಗೂ ಹೊಟ್ಟೆ ನೋಯ್ತದೆ. ಯಾವಾಗ್ಲೂ ಒಬ್ಬನೇ ಬೀಳೋದಾದ್ರೆ ರೋಗ ಅವನದ್ದೇ. ಆದ್ರೂ ನಾನು ಈಗ್ಲೇ ಹೇಳಲ್ಲ. ಇವನು ಕೂತಿರೋ ಜಾಗವೇ ಕೆಟ್ಟಿದ್ರೆ? ಜಾಗ ಬದಲಾಯಿಸಿ ನೋಡ್ಬೇಕು."

ಆ ಸಂಯಮ ನನಗೆ ಬಹಳ ಹಿಡಿಸಿತು. ಎದುರಿಗೆ ಅಷ್ಟು ಸಾಕ್ಷ್ಯವಿದ್ದರೂ ತೀರ್ಪನ್ನು ಇನ್ನೊಂದು ದಿನ ತಡೆದಿಟ್ಟರು.

ಶನಿವಾರ ಬೆಳಿಗ್ಗೆ ಅವರ ಅಂಗಡಿಯಲ್ಲಿ ಸೇರಿದೆವು. ಯಂತ್ರವನ್ನು ನಾನೂ ಅವರೂ ಮೆಟ್ಟಿಲಿಳಿಸಿ ಒಯ್ದಿದ್ದೆವು. ಕೆಳಗಿನ ಅಂಗಡಿಯಲ್ಲಿ ಹೊಟ್ಟು ಸಹಿತ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಚೀಲ ಹೊರುತ್ತಿದ್ದವರು ದಾರಿ ಬಿಟ್ಟರು. ಅಂಗಡಿಯಲ್ಲಿ ಅದೇ ಜಾತಿಯ ಹಳೆಯ ಯಂತ್ರ ಇನ್ನೊಂದಿತ್ತು. ರಿಪೇರಿಯವರು ಎರಡರ ಪ್ರೊಸೆಸರುಗಳನ್ನೂ ತೆಗೆದರು. ತೆಗೆಯುವ ರೀತಿ ನೋಡುವಂತಿತ್ತು: ಸಣ್ಣ ಸನ್ನೆಕೋಲನ್ನು ಎತ್ತಿ, ಅಂಚುಗಳನ್ನು ಮಾತ್ರ ಹಿಡಿದು, ನೇರ ಮೇಲಕ್ಕೆ. ಅಡಿಯಲ್ಲಿ ಕೂದಲಿಗಿಂತ ಸ್ವಲ್ಪವೇ ದಪ್ಪದ ನೂರಾರು ಸೂಜಿಗಳು ಸಾಲಾಗಿ ನಿಂತಿದ್ದವು. ಒಂದು ಬಾಗಿದರೂ ಮುಗಿಯಿತಂತೆ. ಪೂಜೆಯ ತಟ್ಟೆಯಲ್ಲಿ ಸಾಲಿಗ್ರಾಮವನ್ನು ಇಳಿಸುವಷ್ಟು ಜೋಪಾನದಿಂದ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಕೂರಿಸಿದರು.

ಎರಡೂ ಯಂತ್ರಗಳಿಗೆ ಆಕೆ ಪೆನ್‌ಡ್ರೈವಿನಲ್ಲಿ ತಂದಿದ್ದ ಅದೇ ನೂರು ಪುಟಗಳನ್ನು ಕೊಟ್ಟರು. ಬಟನ್ ಒತ್ತಲು ಆಕೆಗೆ ಹೇಳಿದರು. ಆಕೆ ನನ್ನ ಮುಖ ನೋಡಿದಳು. "ಒತ್ತು ಮಗೂ," ಎಂದೆ. ಬರಿಗೈಯಿಂದ ಒತ್ತಿದಳು, ಎರಡನ್ನೂ.

ಅಂಗಡಿಯ ಯಂತ್ರ, ಅದುವರೆಗೆ ಯಾವ ರೋಗವೂ ಇಲ್ಲದ್ದು, ನಮ್ಮ ಪ್ರೊಸೆಸರನ್ನು ಹೊತ್ತ ಹದಿನೈದೇ ನಿಮಿಷಕ್ಕೆ ನಿಂತಿತು. ದಾಖಲೆ ತೆರೆದರೆ ಅದೇ ಎರಡನೇ ನಂಬರು. ನಮ್ಮ ಗ್ರಂಥಶಾಲೆಯ ಯಂತ್ರ ಅಂಗಡಿಯ ಪ್ರೊಸೆಸರಿನೊಡನೆ ನೂರು ಪುಟ ಮುಗಿಸಿತು. ಆಕೆ ಮತ್ತೆ ನೂರು ಕೊಟ್ಟಳು. ಮುಗಿಸಿತು. ಮಧ್ಯಾಹ್ನದ ಬಸ್ಸನ್ನು ನಾನು ಬಿಟ್ಟೆ. ಪಕ್ಕದ ಹೋಟೆಲಿನಿಂದ ಕಾಫಿ ಬಂತು. ಸಂಜೆಯ ಬಸ್ಸಿನ ಹೊತ್ತಿಗೆ ಅದು ಆರುನೂರು ಪುಟಗಳನ್ನು ಒಂದು ಸಲವೂ ತಡವರಿಸದೆ ಮುಗಿಸಿತ್ತು.

"ಈಗ ಹೇಳ್ತೀನಿ," ಎಂದರು ರಿಪೇರಿಯವರು. "ಪ್ರೊಸೆಸರ್ ಹೋಗಿದೆ. ಇದು ಎಷ್ಟು ದಿನದಿಂದ ಹಿಂಗಿತ್ತೋ, ಬಂದಾಗಿಂದ್ಲೇ ಇತ್ತೋ, ಹೇಳಕ್ಕಾಗಲ್ಲ. ನೀವು ಎರಡು ವರ್ಷ ನಾಲ್ಕೂ ಜನಾನ ತೋಟಕ್ಕೇ ಇಳಿಸಿಲ್ಲವಲ್ಲ! ಇವರು ಬಂದು ಕೆಲಸ ಕೊಟ್ರು, ರೋಗ ಗೊತ್ತಾಯ್ತು. ಅಂಗಡಿದು ನಿಮ್ಮಲ್ಲೇ ಇರ್ಲಿ."

ಸೋಮವಾರದ ಸಭೆಯಲ್ಲಿ ನಾವು ಐವರಿದ್ದೆವು. ಆಕೆಯೂ ರಿಪೇರಿಯವರೂ ಬಾಗಿಲ ಬಳಿ ಬೆಂಚಿನ ಮೇಲೆ ಕುಳಿತಿದ್ದರು. ಪ್ರೊಸೆಸರಿನ ವಿಷಯವನ್ನು ರಿಪೇರಿಯವರು ಹೇಳಲಿ, ಕೈಯ ವಿಷಯವನ್ನು ನಾನು ಹೇಳುತ್ತೇನೆ ಎಂದು ಎದ್ದು ನಿಂತೆ. ಮೊದಲ ದಿನ ಆಡಿದ ಮಾತು ನನ್ನದೆಂದೂ, ಅದು ನಗೆಯ ಮಾತಾದರೂ ಹುಸಿಯೆಂದೂ, ಆಕೆಯ ಕೆಲಸವನ್ನು ನನ್ನ ಕೈಯಿಂದ ಮಾಡಿದಾಗಲೂ ಯಂತ್ರ ನಿಂತಿತೆಂದೂ ಹೇಳಿದೆ. ಆಕೆಯ ಕಡೆ ತಿರುಗಿ ಕ್ಷಮೆ ಕೇಳಿದೆ. ಆಕೆ ಎದ್ದು ನಿಂತು, "ಅಯ್ಯೋ ಮೇಷ್ಟ್ರೇ, ಕೂತ್ಕಳಿ," ಎಂದಳು.

ಕಾರ್ಯದರ್ಶಿಗಳು ಪ್ರೊಸೆಸರನ್ನು ಅಂಗೈಯಲ್ಲಿಟ್ಟು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇಷ್ಟೇ ಇಷ್ಟು. ಇದಾ ಮಾಡಿದ್ದು?" ಎಂದರು. ಬಳಿಕ ನನ್ನ ಕಡೆ ನೋಡಿ, "ನಿಮ್ ಕೈಯಲ್ಲೂ ಸತ್ತಿತಾ? ನಿಜವಾಗ್ಲೂ?"

"ಐವತ್ತೆರಡನೇ ಪುಟಕ್ಕೆ."

ಅವರು ಬಹಳ ಹೊತ್ತು ಗಡ್ಡ ಉಜ್ಜಿಕೊಂಡರು. ತಪ್ಪಾಯಿತೆಂಬ ಮಾತು ಅವರ ಬಾಯಿಂದ ಬರುವುದು ಕಷ್ಟ. ಅದು ಬೇರೆ ರೂಪದಲ್ಲಿ ಬಂತು. "ಮೂರು ತಿಂಗಳು ಎಂತಕ್ಕೆ ಕಾಯೋದು? ಇವತ್ತಿಂದ್ಲೇ ಕಾಯಂ ಅಂತ ಬರೀರಿ," ಎಂದರು. ಎಲ್ಲರೂ ಒಪ್ಪಿದೆವು. ಅಷ್ಟಕ್ಕೆ ಅವರ ಮನಸ್ಸು ತೃಪ್ತಿಗೊಳ್ಳಲಿಲ್ಲವೆಂದು ತೋರುತ್ತದೆ. ಆಕೆಯನ್ನು ಕರೆದು ಹೇಳಿದರು. "ನೋಡಮ್ಮಾ, ಗುರುವಾರ ನಮ್ಮ ನರ್ಸರಿಯಲ್ಲಿ ಬೀಜ ಹಾಕ್ತೀವಿ. ಮೊದಲ ಹಿಡಿ ನೀನೇ ಬಂದು ಹಾಕು. ನಿನ್ ಕೈ ಒಳ್ಳೇದು ಅಂತ ಊರಿಗೆಲ್ಲ ಗೊತ್ತಾಗ್ಲಿ."

ದೊಡ್ಡ ಮನಸ್ಸಿನಿಂದ ಬಂದ ಮಾತು ಅದು. ಆಕೆ ಕೈ ಮುಗಿದಳು.

"ಬೇಡಿ ಸಾಹುಕಾರ್ರೇ. ಹುಟ್ಟಿದ್ರೆ ನನ್ ಕೈ ಒಳ್ಳೇದು ಅಂತೀರಿ. ಮಳೆ ಹೆಚ್ಚಾಗಿ ಕೊಳೆತು ಹೋದ್ರೆ ಮತ್ತೆ ನನ್ ಕೈಗೇ ಬರ್ತದೆ. ನನ್ ಕೈ ಬರೀ ಕೈ ಆಗಿರ್ಲಿ. ಗುರುವಾರ ನನಗೆ ಇನ್ನೂರು ಪುಟ ಇದಾವೆ." ಸ್ವಲ್ಪ ತಡೆದು, "ನಮ್ಮ ಅತ್ತಿಗೆಗೆ ಮಾತ್ರ ನೀವೇ ಒಂದು ಮಾತು ಹೇಳಿ. ನಾನು ಹೇಳಿದ್ರೆ ನಂಬಲ್ಲ," ಎಂದಳು.

ಕಾರ್ಯದರ್ಶಿಗಳು ಮೊದಲು ಬೆರಗಾಗಿ, ಆಮೇಲೆ ನಕ್ಕು, "ಜೋರಿದ್ದಾಳೆ ಮಾರಾಯ್ರೇ," ಎಂದು ನನಗೆ ಹೇಳಿದರು. ಆ ಸಂಜೆಯೇ ಜೀಪು ತಿರುಗಿಸಿಕೊಂಡು ಆಕೆಯ ಮನೆಗೆ ಹೋಗಿ, ಅಂಗಳದಲ್ಲಿ ನಿಂತು ಅತ್ತಿಗೆಗೆ ಎಲ್ಲವನ್ನೂ ವಿವರಿಸಿದರಂತೆ. ಪ್ರೊಸೆಸರ್ ಎಂದರೇನೆಂದು ಅವರು ಹೇಗೆ ತಿಳಿಸಿದರೋ ನಾನು ಕೇಳಲಿಲ್ಲ. ಮರುದಿನ ಆ ಮನೆಯಲ್ಲಿ ಉಳಿದಿದ್ದ ಪಾತಿಗೆ ಆಕೆಯೂ ಎಲ್ಲರ ಜೊತೆ ಕುಳಿತು ಬೀಜ ಹಾಕಿದಳು. ಮೊದಲಿಗಳಾಗಿ ಅಲ್ಲ, ಕೊನೆಯವಳಾಗಿಯೂ ಅಲ್ಲ, ಸಾಲಿನ ನಡುವೆ.

ಆಕೆ ಹೇಳಿದ ಮಾತನ್ನು ನಾನು ಬಹಳ ದಿನ ಮನನ ಮಾಡಿದೆ. ಕೆಟ್ಟ ಕೈ ಎಂಬ ಊಹೆ ಹುಸಿಯಾದರೆ ಒಳ್ಳೆಯ ಕೈ ಎಂಬುದೂ ಅದೇ ಅಳತೆಗೆ ಸಿಗಬೇಕಲ್ಲವೇ? ನನಗೆ ಬಂದಿದ್ದ ಹೆಸರಿನ ಹಿಂದೆ ಯಾರ ಯಾರ ಗೊಬ್ಬರ, ಯಾರ ಯಾರ ನೀರು, ಎಂಥ ಹದವಾದ ಬಿಸಿಲು ಇತ್ತೋ ನಾನು ವಿಚಾರಿಸಿರಲೇ ಇಲ್ಲ. ಈಗಲೂ ಕರೆದವರ ಮನೆಗೆ ಹೋಗುತ್ತೇನೆ, ಪ್ರಾರ್ಥನೆ ಮಾಡುತ್ತೇನೆ. ಬೀಜವನ್ನು ಮಾತ್ರ ಪಾತಿಗೆ ನೀರು ಹಾಕುವವರ ಕೈಯಿಂದಲೇ ಹಾಕಿಸಿ ಎನ್ನುತ್ತೇನೆ. ಹೀಗೆ ಹೇಳುವುದರಲ್ಲಿ, ಹಿಂದೆ ಎಂದೂ ಇಲ್ಲದ ಒಂದು ನೆಮ್ಮದಿಯಿದೆ.

ಅನುಮಾನಿಸುವುದಕ್ಕೂ ಒಂದು ಕ್ರಮವುಂಟೆಂದು ತೋರಿಸಿ, ತೀರ್ಪನ್ನು ಒಂದು ದಿನ ತಡೆದಿಟ್ಟ ಆ ರಿಪೇರಿಯವರ ಕಣ್ಣು ಮತ್ತು ಬೆರಳು ನೂರು ವರ್ಷ ಸ್ಥಿರವಾಗಿರಲಿ. ಒಪ್ಪಿಕೊಳ್ಳಲಾರದ ತಪ್ಪನ್ನು ತಿದ್ದಲು ಜೀಪು ತಿರುಗಿಸಿದ ಕಾರ್ಯದರ್ಶಿಗಳ ತೋಟದಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಸರಿಯಾಗಿ ಬೀಳಲಿ. ಮಾತು ಹಿಂತೆಗೆದುಕೊಂಡ ಅತ್ತಿಗೆಯ ಮನೆ ತುಂಬಿರಲಿ. ತನಗೆ ಬಂದ ಅಪವಾದವನ್ನೂ, ಅದರ ಬದಲಿಗೆ ಬಂದ ಹೊಗಳಿಕೆಯನ್ನೂ ಸಮನಾಗಿ ಬದಿಗಿಟ್ಟು ಪುಟಗಳ ಮುಂದೆ ಕುಳಿತ ಆ ಮಗಳಿಗೆ ಆಯುರಾರೋಗ್ಯವಿರಲಿ, ಮಾಡಿದ ಕೆಲಸಕ್ಕೆ ತಕ್ಕ ಹೆಸರಿರಲಿ. ಇವರೆಲ್ಲರಿಗೂ, ಇವರ ಮಕ್ಕಳಿಗೂ, ಇದನ್ನು ಓದಿದವರಿಗೂ ಶುಭವಾಗಲಿ.